ಕೈಗವಸಿನ ಕೀರ್ತಿ

ಕಿವುಡರ ಸನ್ನೆಯನ್ನು ಮಾತಾಗಿಸುವ ಸೆನ್ಸರ್ ಕೈಗವಸಿಗೆ ಸಿಕ್ಕಷ್ಟು ಸುಲಭದ ಹೊಗಳಿಕೆ ಬೇರೆ ಸಾಧನಕ್ಕೆ ಸಿಕ್ಕಿದ್ದು ನಾನು ಕಂಡಿಲ್ಲ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ‘ಸೈನ್‌ಅಲೌಡ್’ ಕೈಗವಸಿಗೆ 10,000 ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ ಬಂತು. ಅಲ್ಲೇ ಸನ್ನೆಭಾಷೆ ಕಲಿಸುವವರು, ಭಾಷಾವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಬಹುಮಾನದ ಸುದ್ದಿ ಊರೂರು ಸುತ್ತಿತು, ಪತ್ರ ಅಷ್ಟು ದೂರ ಹೋಗಲಿಲ್ಲ. 2020ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಗವಸು ಬಂದಾಗಲೂ ಹೀಗೇ ಆಯಿತು. ನನ್ನ ತಕರಾರು ಮುಖ್ಯವಾಗಿ ಈ ಎರಡನೆಯದರ ಬಗ್ಗೆ. ಇಲ್ಲಿ ಕೆಲಸ ಗಟ್ಟಿ, ಕೀರ್ತಿ ಮಾತ್ರ ಜೊಳ್ಳು.

ಕೆಲಸದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಬೆರಳುಗಳುದ್ದಕ್ಕೂ ಹಿಗ್ಗುವ ನೂಲಿನ ಸೆನ್ಸರ್‌ಗಳಿವೆ. ಬೆರಳು ಮಡಿಸಿದರೆ ವಿದ್ಯುತ್ ಸಂಕೇತ ಹುಟ್ಟುತ್ತದೆ, ಮಣಿಕಟ್ಟಿನ ಪುಟ್ಟ ಬೋರ್ಡು ಅದನ್ನು ಫೋನಿಗೆ ಕಳಿಸುತ್ತದೆ. ಹಗುರವಾದ, ಜಾಣತನದ ವಿನ್ಯಾಸ.

ಇನ್ನು ಅಂಕಿಗೆ ಬರೋಣ. ‘ನೇಚರ್ ಎಲೆಕ್ಟ್ರಾನಿಕ್ಸ್’ನ ಲೇಖನದ ಸಾರಾಂಶ ಹೇಳುವುದು 660 ಸಂಕೇತ ಮಾದರಿಗಳ ವಿಶ್ಲೇಷಣೆಯ ಬಗ್ಗೆ, ಶೇ. 98.63ರವರೆಗಿನ ನಿಖರತೆಯ ಬಗ್ಗೆ. ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ಅದು 660 ಸನ್ನೆಗಳನ್ನು ಗುರುತಿಸಿತು ಎಂದಾಯಿತು. ಅದೇ ಪ್ರಕಟಣೆಯ ಪ್ರಕಾರ ಕೈಗವಸು ತೊಟ್ಟವರು ನಾಲ್ವರು, ಪ್ರತಿ ಸನ್ನೆಯನ್ನೂ ಅವರು 15 ಸಲ ಮಾಡಿದರು. ನಾಲ್ಕು ಹದಿನೈದಲೆ ಅರವತ್ತು. 660ನ್ನು ಅರವತ್ತರಿಂದ ಭಾಗಿಸಿದರೆ ಸಿಗುವುದು 11. ಹನ್ನೊಂದು ಸನ್ನೆಗಳನ್ನು ಬೇರ್ಪಡಿಸುವುದಕ್ಕೂ 660 ಪದಗಳ ಭಾಷೆಯನ್ನು ಅರಿಯುವುದಕ್ಕೂ ಇರುವ ಅಂತರ ಅಜಗಜಾಂತರ. ಪತ್ರಿಕೆಗಳು ಗುಣಿಸಿ ನೋಡಲಿಲ್ಲ. ಐದನೆಯವರ ಕೈಗೆ ಈ ಗವಸು ಹಾಕಿದರೆ ನಿಖರತೆ ಎಷ್ಟಿರುತ್ತದೆಂದು ಕೇಳಲೂ ಇಲ್ಲ. ಒಬ್ಬೊಬ್ಬರ ಬೆರಳಿನ ಉದ್ದ, ಮಣಿಸುವ ರೀತಿ, ವೇಗ ಬೇರೆ ಬೇರೆ. ಮಷಿನ್ ಲರ್ನಿಂಗ್‌ನ ನಿಜವಾದ ಪರೀಕ್ಷೆ ಅದು ನೋಡದ ಕೈಯ ಮೇಲೆಯೇ ಆಗಬೇಕು.

ಕೈಯೊಂದನ್ನೇ ಓದಿದರೆ ಇನ್ನೂ ಒಂದು ತೊಡಕಿದೆ. ಅಮೆರಿಕನ್ ಸನ್ನೆಭಾಷೆಯಲ್ಲಿ ಒಂದು ವಾಕ್ಯವನ್ನು ಕೈಗಳು ಹೇಳುವಾಗ ಹುಬ್ಬು ಮೇಲೇರಿಸಿದರೆ ಅದು ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ. ತಲೆ ಅಡ್ಡಡ್ಡ ಆಡಿಸಿದರೆ ನಿಷೇಧ. ಕೈ ಮಾಡಿದ್ದು ಅದೇ, ಅರ್ಥ ತಿರುವುಮುರುವು. ಈ ತಂಡ ಹುಬ್ಬುಗಳ ನಡುವೆ, ಬಾಯಿಯ ಪಕ್ಕದಲ್ಲಿ ಅಂಟುವ ಸೆನ್ಸರ್ ಇಟ್ಟು ನೋಡಿತು ಎಂಬುದು ಶ್ಲಾಘನೀಯ. ಆದರೆ ಹೋಟೆಲಿನಲ್ಲಿ ಕಾಫಿ ಕೇಳಲು ಕಿವುಡರೊಬ್ಬರು ಮುಖಕ್ಕೆ ಸೆನ್ಸರ್ ಅಂಟಿಸಿಕೊಂಡು ಹೋಗಬೇಕೆ? ಹೋದರೂ, ಮಾಣಿಯ ಉತ್ತರವನ್ನು ಕೈಗವಸು ಅವರಿಗೆ ತಿಳಿಸುವುದಿಲ್ಲ. ಸಂವಾದದ ಶ್ರಮವೆಲ್ಲ ಕಿವುಡರ ಮೈಮೇಲೆ, ಅನುಕೂಲವೆಲ್ಲ ಕಿವಿ ಕೇಳುವವರಿಗೆ.

ಇಷ್ಟು ಹೇಳಿದಾಗ ಕೆಲವು ವಿಮರ್ಶಕ ಮಿತ್ರರು, ಗವಸು ಬಿಡಿ, ಕ್ಯಾಮೆರಾ ಎಲ್ಲವನ್ನೂ ಪರಿಹರಿಸುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಮುಖವನ್ನು ಕಾಣಬಲ್ಲದು, ನಿಜ. ಆದರೆ ಬಿಡಿಬಿಡಿ ಪದ ಗುರುತಿಸಿದ್ದನ್ನೇ ಅನುವಾದ ಎಂದು ಕರೆಯುವ ಚಾಳಿ ಅಲ್ಲಿಯೂ ಇದೆ. ಹರಿಯುವ ಸಂಭಾಷಣೆಯಲ್ಲಿ ಒಂದು ಸನ್ನೆಯ ಕೊನೆ ಮುಂದಿನದರ ಆರಂಭದೊಳಗೆ ಬೆರೆತುಹೋಗುತ್ತದೆ. ಭಾರತೀಯ ಸನ್ನೆಭಾಷೆಯ ‘ಇನ್‌ಕ್ಲೂಡ್’ ವಿಡಿಯೋ ಸಂಗ್ರಹ ತನ್ನಲ್ಲಿರುವುದು 263 ಪದಗಳೆಂದು ನೇರವಾಗಿ ಹೇಳುತ್ತದೆ. ನನಗೆ ಆ ಪ್ರಾಮಾಣಿಕತೆ ಮುಖ್ಯ. ‘ಇದು ಮೊದಲ ಹೆಜ್ಜೆ, ಟೀಕಿಸಬೇಡಿ’ ಎನ್ನುವವರು ಇನ್ನೂ ಹೆಚ್ಚು ಹಾನಿ ಮಾಡುತ್ತಾರೆ. ವರ್ಷಗಳಿಂದ ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಟ್ಟು ಚಪ್ಪಾಳೆ ಪಡೆಯಲಾಗುತ್ತಿದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಫ್ಲೆಕ್ಸ್ ಸೆನ್ಸರ್, ಆರ್ಡುಯಿನೋ ಜೋಡಿಸಿದ ಇಂಥ ಕೈಗವಸು ಕೊನೆಯ ವರ್ಷದ ಪ್ರಾಜೆಕ್ಟುಗಳ ನೆಚ್ಚಿನ ವಿಷಯ. ಮಾರ್ಗದರ್ಶಕರಲ್ಲಿ ನನ್ನ ಬೇಡಿಕೆ ಇಷ್ಟೇ: ಬೆಸುಗೆ ಹಾಕುವ ಮುನ್ನ ವಿದ್ಯಾರ್ಥಿಗಳನ್ನು ಕಿವುಡರ ಬಳಿಗೆ ಕಳಿಸಿ, ಇದು ಬೇಕೇ ಎಂದು ಕೇಳಿಸಿ. ಬೇಡವೆಂದರೆ ಆ ಪ್ರಾಜೆಕ್ಟನ್ನು ಕೈಬಿಡಿ.