ಅಟ್ಲಾಂಟಿಕ್‌ಗೆಂದೇ ಕಟ್ಟಿದ ಹಡಗು

ವಿಲಾಸಿ ಹಡಗು ಎಂದೊಡನೆ ಜನ ಈಜುಕೊಳ, ಭೋಜನಶಾಲೆ, ತೂಗುದೀಪಗಳ ಮಾತು ತೆಗೆಯುತ್ತಾರೆ. ಹಲವು ಹಡಗುಗಳಲ್ಲಿ ಸುತ್ತಿದ ನನ್ನ ಮನಸ್ಸು ಸೋತಿರುವುದು ಕ್ವೀನ್ ಮೇರಿ 2ರ ಒಡಲಿಗೆ. ಸ್ಟೀಫನ್ ಪೇನ್ ವಿನ್ಯಾಸ ಮಾಡಿ, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ 345 ಮೀಟರ್ ಉದ್ದದ ಈ ಹಡಗು 2004ರಲ್ಲಿ ಸಂಚಾರಕ್ಕಿಳಿಯಿತು. ಬಿಸಿಲು ದ್ವೀಪಗಳ ಸುತ್ತ ತೇಲಾಡಲಿಕ್ಕಲ್ಲ, ಕೆರಳಿದ ಉತ್ತರ ಅಟ್ಲಾಂಟಿಕ್ ದಾಟಲಿಕ್ಕೆಂದೇ ಹುಟ್ಟಿದ್ದು. ಅದಕ್ಕೇ ಆ ನೀಳ ಚೂಪು ಮೂತಿ, ದಪ್ಪ ಉಕ್ಕಿನ ಹಾಳೆಗಳು, ನೀರಿನಿಂದ ಬಹಳ ಎತ್ತರದಲ್ಲಿ ತೂಗುವ ಜೀವರಕ್ಷಕ ದೋಣಿಗಳು. ಎದುರಾದ ಅಲೆಯನ್ನು ಮೂತಿ ನೇಗಿಲಿನಂತೆ ಸೀಳಿ ಇಬ್ಬದಿಗೂ ಮಗುಚುತ್ತದೆ. ಮೇಜಿನ ಮೇಲಿನ ಚಹಾ ಬಟ್ಟಲಿನ ಅಂಚಿನವರೆಗೆ ಬಂದು, ಚೆಲ್ಲದೆ ಹಿಂದಿರುಗುತ್ತದೆ.

ಬೆಳಿಗ್ಗೆ ಹಡಗನ್ನು ಪೂರ್ತಿ ಬಳಸುವ ಮರದ ಹಾಸಿನ ಮೇಲೆ ನಡೆಯಬೇಕು. ಕಂಬಿಯಲ್ಲಿ ಉಪ್ಪಿನ ಜಿಗುಟು, ಕೆನ್ನೆಗೆ ತಣ್ಣನೆ ಪೆಟ್ಟು. ಮುಂದಿನ ಮರೆಯೊಳಗೆ ತಿರುಗಿದೊಡನೆ ಗಾಳಿ ಥಟ್ಟನೆ ನಿಲ್ಲುತ್ತದೆ. ನಡೆಯುವವರಿಗಾಗಿ ಯಾರೋ ಎಷ್ಟು ಯೋಚಿಸಿದ್ದಾರೆ!

ಇನ್ನು ಹಡಗಿನ ಕೊಂಬುಗಳು. ಅವುಗಳಲ್ಲೊಂದು 1936ರ ಹಳೆಯ ಕ್ವೀನ್ ಮೇರಿಯದೇ. ಆ ತಗ್ಗು ಸ್ವರ ಕಿವಿಗಿಂತ ಮೊದಲು ಎದೆಗೂಡಿಗೆ ಕೇಳಿಸುತ್ತದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವಾಗ ಗಡಿಯಾರವನ್ನು ರಾತ್ರಿ ಒಂದು ಗಂಟೆ ಹಿಂದಿಡುತ್ತಾರೆ. ಅಂಥ ದಿನಕ್ಕೆ 25 ಗಂಟೆ. ವಿಮಾನದಲ್ಲಿ ಇಳಿದವರ ನಿದ್ದೆಗೇಡು ಇಲ್ಲಿಲ್ಲ. ನನ್ನ ಮಟ್ಟಿಗೆ ನಿಜವಾದ ವಿಲಾಸ ಇದೇ.