ಕಲ್ಪಿತಲೋಕದ ಭೂರಚನೆಯೂ ದೇಶೌಚಿತ್ಯವೂ

ಕಾವ್ಯವೊಂದು ಲೋಕವೆಂದೂ ಆ ಲೋಕಕ್ಕೆ ಕವಿಯೇ ಪ್ರಜಾಪತಿಯೆಂದೂ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಪ್ರತಿಪಾದಿಸಿರುವನು. ಆ ಪ್ರಜಾಪತಿಗೆ ಮಣ್ಣು ಕಲ್ಲು ನೀರುಗಳು ಬೇಕಾಗಿರಲಿಲ್ಲ, ಶಬ್ದಾರ್ಥಗಳಿದ್ದರೆ ಸಾಕಾಗಿದ್ದಿತು. ಈಚೆಗೆ ಗಣಕಯಂತ್ರದೊಳಗೆ ಹುಟ್ಟಿರುವ ಕಲ್ಪಿತಲೋಕಗಳಲ್ಲಿ ಶಬ್ದದ ಸ್ಥಾನವನ್ನು ಸಂಖ್ಯೆಯು ಆಕ್ರಮಿಸಿದೆ. ಅಲ್ಲಿ ಸಾಮಾನ್ಯನಾದವನೂ ಒಂದು ತುಂಡು ಭೂಮಿಯನ್ನು ಪಡೆದು, ಬೆಟ್ಟವನ್ನೆಬ್ಬಿಸಿ, ಕಣಿವೆಯನ್ನು ತೋಡಿ, ತೀರವನ್ನು ತಿದ್ದಿ, ತಾನು ಮಾಡಿದ ನೆಲದ ಮೇಲೆ ತಾನೇ ನಡೆದಾಡಬಹುದು. ಇದನ್ನು ಹುಡುಗರ ಆಟವೆಂದು ತಳ್ಳಿಹಾಕುವುದು ಸುಲಭ. ಆದರೆ ನಗರ ಅರ್ಣವ ಶೈಲಾದಿಗಳ ವರ್ಣನೆಯನ್ನು ಮಹಾಕಾವ್ಯದ ಅಂಗವೆಂದೆಣಿಸಿದ ಸಂಪ್ರದಾಯಕ್ಕೆ, ವರ್ಣನೆಯ ಈ ಹೊಸ ಶಾಖೆಯನ್ನೂ ಪರೀಕ್ಷಿಸುವ ಭಾರವಿದೆ. ಪರೀಕ್ಷೆಗೆ ಒಂದು ನಿಕಷವೂ ಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ನೆಲವನ್ನೇ ಇಲ್ಲಿ ನಿಕಷವಾಗಿ ಇಟ್ಟುಕೊಳ್ಳಲಾಗಿದೆ. ಈ ನೆಲದ ಮಗನೊಬ್ಬನು ತನ್ನೂರನ್ನು ಕಲ್ಪಿತಲೋಕದಲ್ಲಿ ಕಟ್ಟಲೆಳಸಿದರೆ ಈ ವಿದ್ಯೆಯು ಅವನಿಗೆ ಎಷ್ಟು ಸಹಾಯ ಮಾಡೀತು, ಎಲ್ಲಿ ಅವನನ್ನು ದಾರಿ ತಪ್ಪಿಸೀತು ಎಂಬುದೇ ಪ್ರಕೃತ ವಿಚಾರ.

೧. ಸಾಧನಗಳು

೨೦೦೩ರಲ್ಲಿ ಸಾರ್ವಜನಿಕರಿಗೆ ತೆರೆದ ‘ಸೆಕೆಂಡ್ ಲೈಫ್’ ಎಂಬ ಕಲ್ಪಿತಲೋಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ಒಂದೊಂದು ಪ್ರದೇಶವು ೨೫೬ ಮೀಟರ್ ಉದ್ದ, ೨೫೬ ಮೀಟರ್ ಅಗಲದ ಚೌಕ. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ೧೬ ಎಕರೆ ೮ ಗುಂಟೆ. ಈ ಹೊಲವನ್ನು ರೂಪಿಸಲು ಆರು ಉಪಕರಣಗಳುಂಟು: ಸಪಾಟು ಮಾಡುವುದು, ಏರಿಸುವುದು, ಇಳಿಸುವುದು, ನಯಗೊಳಿಸುವುದು, ಒರಟಾಗಿಸುವುದು, ಮೊದಲಿದ್ದಂತೆ ಮಾಡುವುದು. ಕಲಿಯುವವನು ಮೊದಲು ಏರಿಸಲೆಳಸುವನು. ನೆಲವು ಹುತ್ತದಂತೆ ಏಳುವುದು. ಬಳಿಕ ನಯಗೊಳಿಸುವನು, ಹುತ್ತವು ಬೋರಲು ಹಾಕಿದ ಗಡಿಗೆಯಾಗುವುದು. ಮತ್ತೆ ಒರಟಾಗಿಸುವನು, ಗಡಿಗೆಯ ಮೇಲೆ ಗುಳ್ಳೆಗಳೇಳುವುವು. ಬೆಟ್ಟವು ಮಾತ್ರ ಬಾರದು. ಕೈಯು ಕಲಿತದ್ದು ಕ್ರಿಯೆಯನ್ನೇ ಹೊರತು ರೂಪವನ್ನಲ್ಲ ಎಂಬುದು ಆಗ ಅವನಿಗೆ ತಿಳಿಯುವುದು.

ಈ ಲೋಕಗಳಲ್ಲಿ ಭೂಮಿಯೆಂಬುದು ಸಾಮಾನ್ಯವಾಗಿ ಒಂದು ಔನ್ನತ್ಯಪಟ. ಚೌಕದ ಪ್ರತಿಯೊಂದು ಬಿಂದುವಿಗೂ ಒಂದೊಂದು ಎತ್ತರದ ಸಂಖ್ಯೆ. ಚಿತ್ರವಾಗಿ ಬರೆದರೆ ಕಪ್ಪು ತಗ್ಗು, ಬಿಳುಪು ಎತ್ತರ. ಇದರ ಲಾಘವವು ಶ್ಲಾಘ್ಯವಾದುದೇ. ಆದರೆ ಒಂದು ಬಿಂದುವಿಗೆ ಒಂದೇ ಎತ್ತರವಾದುದರಿಂದ ಗುಹೆಯಿಲ್ಲ, ಮುಂಚಾಚಿದ ಬಂಡೆಯಿಲ್ಲ, ಹೊಳೆಯು ಕೆಳಗೆ ಕೊರೆದು ಮೇಲೆ ಉಳಿಸಿದ ದಂಡೆಯಿಲ್ಲ. ಅವುಗಳನ್ನು ಬೇರೆ ವಸ್ತುಗಳಾಗಿ ಮಾಡಿ ತಂದು ಅಂಟಿಸಬೇಕು. ಅದಕ್ಕಿಂತಲೂ ಮುಖ್ಯವಾದುದು, ಈ ನೆಲಕ್ಕೆ ಮೈತೊಗಲುಂಟು, ಒಡಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಪರೀಕ್ಷೆಯ ಕ್ರಮವನ್ನು ಹೇಳುತ್ತ, ಒಂದು ಹಸ್ತದ ಗುಂಡಿಯನ್ನು ತೋಡಿ ಅದೇ ಮಣ್ಣಿನಿಂದ ತುಂಬಬೇಕೆಂದೂ, ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮವೆಂದೂ ವಿಧಿಸಿರುವನು. ಔನ್ನತ್ಯಪಟದ ಭೂಮಿಯಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ. ಅಲ್ಲಿ ತೋಡಿದ ಮಣ್ಣು ಎಲ್ಲಿಗೂ ಹೋಗುವುದಿಲ್ಲ, ಏರಿಸಿದ ಮಣ್ಣು ಎಲ್ಲಿಂದಲೂ ಬರುವುದಿಲ್ಲ.

೨. ಯಾದೃಚ್ಛಿಕವೇ ಪ್ರತಿಭೆಯೆಂಬ ಪೂರ್ವಪಕ್ಷ

ಕೈಯಿಂದ ಬಾರದ ಬೆಟ್ಟವನ್ನು ಗಣಿತದಿಂದ ಬರಿಸಬಹುದೆಂದು ತೋರಿಸಿದವರುಂಟು. ೧೯೮೦ರಲ್ಲಿ ಲೊರೆನ್ ಕಾರ್ಪೆಂಟರನು ‘ವೋಲ್ ಲಿಬ್ರ್’ ಎಂಬ ಕಿರುಚಿತ್ರದಲ್ಲಿ ಗಣಕಯಂತ್ರವೇ ಹುಟ್ಟಿಸಿದ ಪರ್ವತಶ್ರೇಣಿಯ ಮೇಲೆ ಹಾರಾಟವನ್ನು ತೋರಿಸಿದನು. ಖಂಡದಲ್ಲಿಯೂ ಅಖಂಡದ ಆಕಾರವೇ ಮರಳುವುದೆಂಬ ತತ್ತ್ವವನ್ನು ಮ್ಯಾಂಡಲ್‌ಬ್ರಾಟನು ೧೯೮೨ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನು. ೧೯೮೩ರಲ್ಲಿ ಕೆನ್ ಪರ್ಲಿನ್ ಎಂಬಾತನು ನಯವಾಗಿ ಏರಿಳಿಯುವ ಯಾದೃಚ್ಛಿಕ ಸಂಖ್ಯೆಗಳ ಒಂದು ವಿಧಾನವನ್ನು ರಚಿಸಿ, ೧೯೮೫ರಲ್ಲಿ ಅದನ್ನು ಪ್ರಕಟಿಸಿದನು. ದೊಡ್ಡ ಅಲೆಯ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣ ಅಲೆ ಹೀಗೆ ಪದರುಪದರಾಗಿ ಕೂಡಿಸಿದರೆ ಕ್ಷಣಮಾತ್ರದಲ್ಲಿ ಗಿರಿಕಂದರಗಳು ಮೂಡುವುವು.

ಇದನ್ನು ಕಂಡು ಕೆಲವರು, ಕಲಿಯುವವನಿಗೆ ಲೋಕಜ್ಞಾನದ ಅಗತ್ಯವೇನು, ಯಾದೃಚ್ಛಿಕವೇ ಪ್ರತಿಭೆಯ ಕೆಲಸವನ್ನು ಮಾಡುತ್ತದೆ ಎನ್ನಬಹುದು. ಅದು ಸಲ್ಲದು. ಅಲೆಗಳ ಕೂಟದಿಂದ ಹುಟ್ಟಿದ ಬೆಟ್ಟದಲ್ಲಿ ಎತ್ತರವುಂಟು, ಚರಿತ್ರೆಯಿಲ್ಲ. ನಿಜವಾದ ಬೆಟ್ಟದ ಪ್ರತಿಯೊಂದು ಕೊರಕಲೂ ಒಂದು ಮಳೆಯ ಕಾರ್ಯ. ನೀರು ಹರಿಯದ ಕಣಿವೆಯು ಕಾರಣವಿಲ್ಲದ ಕಾರ್ಯದಂತೆ. ಈ ನ್ಯೂನತೆಯನ್ನು ಆ ಗಣಿತಜ್ಞರೇ ಅರಿತರು. ೧೯೮೯ರಲ್ಲಿ ಮಸ್‌ಗ್ರೇವ್, ಕೋಲ್ಬ್, ಮೇಸ್ ಎಂಬ ಮೂವರು, ಹುಟ್ಟಿಸಿದ ಬೆಟ್ಟದ ಮೇಲೆ ಲೆಕ್ಕದ ಮಳೆಯನ್ನು ಸುರಿಸಿ, ನೀರು ಮಣ್ಣನ್ನು ಕೊರೆದು ತಗ್ಗಿನಲ್ಲಿ ಇಳಿಸುವಂತೆ ಮಾಡಿದ ಕ್ರಮವನ್ನು ಪ್ರಕಟಿಸಿದರು. ಪ್ರತಿಭೆಯೊಂದೇ ಸಾಲದು, ವ್ಯುತ್ಪತ್ತಿಯೂ ಅಭ್ಯಾಸವೂ ಬೇಕೆಂಬ ನಮ್ಮ ಆಲಂಕಾರಿಕರ ಮಾತಿಗೆ ಗಣಿತವೇ ಇಲ್ಲಿ ಸಾಕ್ಷಿಯಾಯಿತು.

೩. ನಿಕಷದ ಮೇಲೆ

ಈಗ ಈ ವಿದ್ಯೆಯನ್ನು ಕೃಷ್ಣಾತೀರಕ್ಕೆ ತಂದು ನೋಡತಕ್ಕದ್ದು. ಈ ಪ್ರಾಂತದ ಕರಿಗಲ್ಲು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖನದ ಮೇಲೆ ಹರಿದು ಆರಿದ ಲಾವಾರಸದ ಪದರುಗಳು. ಪದರುಗಳು ಅಡ್ಡಲಾಗಿ ಮಲಗಿರುವುದರಿಂದ ಇಲ್ಲಿಯ ಗುಡ್ಡಗಳ ನೆತ್ತಿ ಬಹುಮಟ್ಟಿಗೆ ಚಪ್ಪಟೆ, ಮೈಯೆಲ್ಲ ಮೆಟ್ಟಿಲು. ಈ ಶಿಲೆಗೆ ಪಾಶ್ಚಾತ್ಯರು ಕೊಟ್ಟ ‘ಟ್ರ್ಯಾಪ್’ ಎಂಬ ಹೆಸರೂ ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಶಬ್ದದಿಂದ ಬಂದುದು. ನಿಪ್ಪಾಣಿಯ ಬಳಿ ಸ್ತವನಿಧಿಯ ಘಟ್ಟವನ್ನೇರುವ ಯಾತ್ರಿಕನು ಕಾಣುವ ಗುಡ್ಡಗಳಿಗೂ, ಸಿದ್ಧೋಪಕರಣಗಳು ಒದಗಿಸುವ ಚೂಪುಕೋಡಿನ ಹಿಮಶಿಖರಗಳಿಗೂ ಸಂಬಂಧವಿಲ್ಲ. ಇಲ್ಲಿಯ ಗುಡ್ಡವನ್ನು ಮಾಡಬೇಕಾದವನು ಮೊದಲು ಸಪಾಟು ಮಾಡುವ ಉಪಕರಣವನ್ನು ಹಿಡಿಯಬೇಕು. ಪದರಿನ ಮೇಲೆ ಪದರನ್ನಿಟ್ಟು, ಅಂಚನ್ನು ಕಡಿದು, ಬುಡದಲ್ಲಿ ಕಲ್ಲುಮಣ್ಣಿನ ಇಳಿಜಾರನ್ನು ಹರಡಬೇಕು. ಕಲಿಕೆಯ ಕ್ರಮವೇ ಇಲ್ಲಿ ತಲೆಕೆಳಗಾಗುವುದು.

ಮಣ್ಣಿನ ವಿಷಯದಲ್ಲಿ ಈ ವಿದ್ಯೆಯು ಅರ್ಧ ಸರಿ, ಅರ್ಧ ತಪ್ಪು. ಸೆಕೆಂಡ್ ಲೈಫಿನಲ್ಲಿ ನೆಲಕ್ಕೆ ನಾಲ್ಕು ಬಗೆಯ ಹೊದಿಕೆ. ಎತ್ತರಕ್ಕೆ ತಕ್ಕಂತೆ ಒಂದು ಮತ್ತೊಂದರಲ್ಲಿ ಬೆರೆಯುವುದು. ನಮ್ಮಲ್ಲಿಯೂ ಮೇಲೆ ಕಲ್ಲುಮಿಶ್ರಿತ ತೆಳುಮಣ್ಣಿನ ಮಡ್ಡಿ, ಕೆಳಗೆ ಆಳವಾದ ಎರೆ ಎಂಬ ಕ್ರಮವುಂಟಾದುದರಿಂದ ಈ ನಿಯಮವು ಒಂದಂಶದಲ್ಲಿ ಒಪ್ಪುತ್ತದೆ. ಆದರೆ ಒಂದೇ ಎತ್ತರದಲ್ಲಿ ಹೊಳೆಯು ತಂದಿಟ್ಟ ಮೆಕ್ಕಲೂ ಇರುವುದು, ಬೇಸಗೆಯಲ್ಲಿ ಬಿರಿಯುವ ಎರೆಯೂ ಇರುವುದು. ಪಶ್ಚಿಮದ ನಿಪ್ಪಾಣಿಗೆ ಸಹ್ಯಾದ್ರಿಯ ಮಳೆಯ ಸೆರಗು ತಾಗುವುದು. ಪೂರ್ವದ ಅಥಣಿಯು ಮೋಡಗಳನ್ನು ಎಣಿಸುತ್ತ ಕುಳಿತಿರುವುದು. ಎತ್ತರವೊಂದರಿಂದಲೇ ಬಣ್ಣವನ್ನು ಗೊತ್ತುಮಾಡುವ ನಿಯಮಕ್ಕೆ ಈ ಭೇದವು ಕಾಣದು.

ನೀರಿನಲ್ಲಂತೂ ದೋಷವು ಸ್ಪಷ್ಟವಾಗಿದೆ. ಆ ಲೋಕದಲ್ಲಿ ಒಂದು ಪ್ರದೇಶದ ನೀರೆಲ್ಲ ಒಂದೇ ಮಟ್ಟದ ಹಾಳೆ. ಅದರ ವಾಡಿಕೆಯ ಎತ್ತರ ೨೦ ಮೀಟರ್. ನೆಲವನ್ನು ಅದಕ್ಕಿಂತ ತಗ್ಗಿಸಿದಲ್ಲೆಲ್ಲ ನೀರು ಕಾಣುವುದು, ಹರಿಯುವುದಿಲ್ಲ. ಕೃಷ್ಣೆಯು ವಾಯವ್ಯದಿಂದ ಬಂದು, ಅಥಣಿ ಕಾಗವಾಡಗಳನ್ನು ಒಂದು ದಂಡೆಗೂ ಚಿಕ್ಕೋಡಿ ರಾಯಬಾಗಗಳನ್ನು ಮತ್ತೊಂದು ದಂಡೆಗೂ ಬಿಟ್ಟು ಸಾಗುವಳು. ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಯಡೂರಿನ ಪರಿಸರದಲ್ಲಿ ಕೃಷ್ಣೆಯನ್ನೂ ಸೇರುವುವು. ಉತ್ತರದಿಂದ ಅಗ್ರಣಿಯು ಬಂದು ಕೂಡುವುದು. ಈ ನದಿಗಳ ಅರ್ಥವೇ ಹರಿವಿನಲ್ಲಿದೆ. ಹರಿಯದ ನೀರಿನಿಂದ ಕೃಷ್ಣೆಯನ್ನು ರೂಪಿಸಹೊರಟವನು ಕೆರೆಯೊಂದನ್ನು ಉದ್ದವಾಗಿ ಎಳೆದಿಡುವನಷ್ಟೆ.

೪. ಕವಿಸಮಯವೂ ದೇಶವಿರೋಧವೂ

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ದೇಶವಿಭಾಗ, ಕಾಲವಿಭಾಗಗಳಿಗೆ ಅಧ್ಯಾಯಗಳನ್ನೇ ಮೀಸಲಾಗಿಟ್ಟಿರುವನು. ಅವನೇ ಕವಿಸಮಯವನ್ನೂ ವಿವೇಚಿಸಿ, ಇಲ್ಲದುದನ್ನು ಹೇಳುವುದು, ಇರುವುದನ್ನು ಬಿಡುವುದು, ಹಲವೆಡೆ ಇರುವುದನ್ನು ಒಂದೆಡೆಗೆ ನಿಯಮಿಸುವುದು ಎಂದು ಅದನ್ನು ಮೂರಾಗಿ ವಿಂಗಡಿಸಿದನು. ಹೊಳೆಗಳಲ್ಲೆಲ್ಲ ತಾವರೆ, ನೀರಿದ್ದಲ್ಲೆಲ್ಲ ಹಂಸೆ ಎಂಬುವು ಮೊದಲನೆಯ ಬಗೆ. ಕಲ್ಪಿತಲೋಕಗಳಿಗೂ ಇಂಥ ಸಮಯಗಳು ಆಗಲೇ ಹುಟ್ಟಿವೆ: ತೀರವಿದ್ದಲ್ಲೆಲ್ಲ ಬಿಳಿಮರಳು, ಮರಳಿದ್ದಲ್ಲೆಲ್ಲ ಬಾಗಿದ ತಾಳೆ, ಬೆಟ್ಟವಿದ್ದಲ್ಲೆಲ್ಲ ಹಿಮ. ಬಿಡುವ ಬಗೆಯೂ ಉಂಟು: ಕಬ್ಬಿನ ಗದ್ದೆ, ತಂಬಾಕಿನ ಹೊಲ, ಒಡ್ಡು, ಜಾಲಿಮರ, ದನಗಳು ತುಳಿದು ಮಾಡಿದ ಕಾಲುದಾರಿ ಇವು ಸುಂದರವಲ್ಲವೆಂಬಂತೆ ಅಲ್ಲಿ ಕಾಣಿಸಿಕೊಳ್ಳುವುದೇ ವಿರಳ.

ಸಮಯವು ತಾನಾಗಿ ದೋಷವಲ್ಲ. ಸಹೃದಯರು ಅದನ್ನು ಸಮಯವೆಂದು ತಿಳಿದೇ ಸವಿಯುವರು. ಆದರೆ ಅದನ್ನೇ ಲೋಕವೆಂದು ನಂಬಿದಲ್ಲಿ ಭಾಮಹ ದಂಡಿಗಳು ಹೇಳಿದ ದೇಶವಿರೋಧವು ತಲೆದೋರುವುದು. ದಂಡಿಯು ಅಷ್ಟಕ್ಕೇ ನಿಲ್ಲದೆ, ಕವಿಕೌಶಲದಿಂದ ಇಂಥ ವಿರೋಧವೂ ಕೆಲವೊಮ್ಮೆ ಗುಣವಾಗುವುದೆಂದು ಒಪ್ಪಿರುವನು. ಅಥಣಿಯ ಎರೆಹೊಲದ ನಡುವೆ ಹಿಮಗಿರಿಯನ್ನು ನಿಲ್ಲಿಸಿ ಕನಸನ್ನು ಸೂಚಿಸಬಲ್ಲವನಿಗೆ ಅಡ್ಡಿಯಿಲ್ಲ. ಅಡ್ಡಿಯಿರುವುದು, ಅಥಣಿಯ ಗುಡ್ಡ ಹೇಗಿರುತ್ತದೆಂದು ತಿಳಿಯದೆ ಹಿಮಗಿರಿಯನ್ನಿಟ್ಟವನಿಗೆ. ಮೊದಲನೆಯವನದು ಅತಿಕ್ರಮಣ, ಎರಡನೆಯವನದು ಅಜ್ಞಾನ. ಪಂಪನು ಬನವಾಸಿಯನ್ನು ವರ್ಣಿಸಿದಾಗ ಅಲ್ಲಿ ಉತ್ಪ್ರೇಕ್ಷೆಯಿದ್ದರೂ ಅದು ಬನವಾಸಿಯೇ ಆಗಿ ಉಳಿಯಿತು. ಶೇಡಬಾಳದ ಮಿರ್ಜಿ ಅಣ್ಣಾರಾಯರು ೧೯೪೫ರ ‘ನಿಸರ್ಗ’ ಕಾದಂಬರಿಯಲ್ಲಿ ಈ ಗಡಿನಾಡಿನ ಒಕ್ಕಲು ಬಾಳನ್ನು ಇಲ್ಲಿಯ ಮಾತಿನಲ್ಲಿಯೇ ತಂದುದರಿಂದ ಅದಕ್ಕೆ ದೇಶೌಚಿತ್ಯವು ಸಿದ್ಧಿಸಿತು. ಸಂಖ್ಯೆಯಿಂದ ಭೂಮಿಯನ್ನು ಮಾಡುವವನಿಗೂ ಇದೇ ಮಾರ್ಗ.

೫. ಆಕ್ಷೇಪ, ಸಮಾಧಾನ

ಇಷ್ಟು ಯಥಾರ್ಥತೆ ಏಕೆ ಬೇಕು ಎಂದು ಆಕ್ಷೇಪಿಸಬಹುದು. ಭರತನು ನಾಟ್ಯಶಾಸ್ತ್ರದಲ್ಲಿ ರಂಗವನ್ನು ಕಕ್ಷ್ಯೆಗಳಾಗಿ ವಿಭಾಗಿಸಿ, ನಟನ ನಡೆಯಿಂದಲೇ ಸ್ಥಳಾಂತರವು ತಿಳಿಯುವಂತೆ ಮಾಡಿದನು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿಯೂ ಶ್ರೀಕೃಷ್ಣಪಾರಿಜಾತದಲ್ಲಿಯೂ ನಾಲ್ಕು ಹೆಜ್ಜೆಯಲ್ಲಿ ಊರು ದಾಟುವುದು, ಮತ್ತೆ ನಾಲ್ಕು ಹೆಜ್ಜೆಯಲ್ಲಿ ಕಾಡು ಬರುವುದು. ಸೂಚನೆಯಿಂದಲೇ ಕಾರ್ಯಸಿದ್ಧಿಯಾಗುವಲ್ಲಿ ಗುಡ್ಡದ ಮೆಟ್ಟಿಲನ್ನು ಎಣಿಸುವುದೇಕೆ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಬಯಲಾಟವು ತಾನು ತೋರಿಸುತ್ತೇನೆಂದು ಹೇಳಿಕೊಳ್ಳುವುದಿಲ್ಲ. ನೋಡುವವನ ನೆನಪಿನಲ್ಲಿರುವ ಕಾಡನ್ನು ಕರೆಯುತ್ತದೆ. ಔನ್ನತ್ಯಪಟವಾದರೋ ತೋರಿಸುವ ವಿದ್ಯೆ. ಅಲ್ಲಿ ವಾಚ್ಯವೇ ತಪ್ಪಿದರೆ ವ್ಯಂಗ್ಯಕ್ಕೆ ಆಶ್ರಯವಿರದು.

ಇನ್ನೊಂದು ಕಾರಣವು ಸೌಂದರ್ಯಕ್ಕಿಂತ ಗುರುತರವಾದುದು. ಆಟದ ಭೂಮಿಗೂ ನೆರೆಯ ಲೆಕ್ಕಕ್ಕೂ ಇಂದು ಆಧಾರವೊಂದೇ, ಎತ್ತರದ ಸಂಖ್ಯೆಗಳ ಪಟ. ೨೦೦೦ದ ಫೆಬ್ರುವರಿಯಲ್ಲಿ ‘ಎಂಡೆವರ್’ ನೌಕೆಯು ಹನ್ನೊಂದು ದಿನಗಳಲ್ಲಿ ರೇಡಾರಿನಿಂದ ಭೂಮಿಯ ಬಹುಭಾಗದ ಔನ್ನತ್ಯವನ್ನು ಅಳೆಯಿತು. ೨೦೦೫ರಲ್ಲಿ ಹಾರಿದ ನಮ್ಮ ದೇಶದ ಕಾರ್ಟೋಸ್ಯಾಟ್-೧ ಉಪಗ್ರಹದ ಜೋಡಿಚಿತ್ರಗಳಿಂದಲೂ ಇಂಥ ಪಟವು ಸಿದ್ಧವಾಯಿತು. ಕಲಿಯುವವನು ತನ್ನೂರಿನ ಪಟವನ್ನು ಪಡೆದು ಕಲ್ಪಿತಲೋಕದಲ್ಲಿ ಹರಡಬಹುದು. ಆದರೆ ರೇಡಾರಿನ ಪಟದಲ್ಲಿ ತೋಪಿನ ಎತ್ತರವೂ ಅಂಶತಃ ನೆಲದ ಎತ್ತರವಾಗಿ ಸೇರಿಬಿಡುವುದು, ಹಲವು ಮೀಟರುಗಳ ತಪ್ಪು ಉಳಿಯುವುದು. ಹಿಮಾಲಯದಲ್ಲಿ ಅದು ಗಣ್ಯವಲ್ಲ. ಕೃಷ್ಣೆಯ ದಂಡೆಯಲ್ಲಿ ಅಷ್ಟು ತಪ್ಪೆಂದರೆ ಮನೆಯು ಒಣಗಿರುವುದಕ್ಕೂ ಮುಳುಗುವುದಕ್ಕೂ ಇರುವ ಅಂತರ. ೨೦೦೫, ೨೦೧೯, ೨೦೨೧ರ ನೆರೆಗಳಲ್ಲಿ ಈ ತಾಲೂಕುಗಳ ತೀರಗ್ರಾಮಗಳ ಜನರು ಮನೆಬಿಟ್ಟು ಹೊರಟುದು ಯಾರೂ ಮರೆತ ಸಂಗತಿಯಲ್ಲ. ಮಳೆಗಾಲದಲ್ಲಿ ಕಲ್ಲೋಳ–ಯಡೂರ, ಜತ್ರಾಟ–ಭೀವಶಿ ಸೇತುವೆಗಳು ನೀರಿನಡಿ ಸೇರಿದಾಗ, ಯಾವ ದಾರಿ ಮೊದಲು ಮುಚ್ಚುವುದು, ಯಾವ ದಿಬ್ಬ ಕೊನೆಯವರೆಗೆ ಉಳಿಯುವುದು ಎಂಬುದನ್ನು ಊರ ಹಿರಿಯರು ಪಟವಿಲ್ಲದೆಯೇ ಹೇಳಬಲ್ಲರು. ಅವರ ಜ್ಞಾನವು ಬರೆದಿಟ್ಟುದಲ್ಲ, ಅವರೊಡನೆಯೇ ಹೋಗಿಬಿಡುವಂಥದು.

ಆದುದರಿಂದ ಕಲ್ಪಿತಲೋಕದಲ್ಲಿ ಭೂರಚನೆಯನ್ನು ಕಲಿಯುವ ಇಲ್ಲಿಯ ತರುಣನಿಗೆ ಕ್ಷೇಮೇಂದ್ರನ ಕವಿಶಿಕ್ಷೆಯೇ ಹಿತವಾದುದು: ಮೊದಲು ಲೋಕವನ್ನು ನೋಡಬೇಕು. ಹಳ್ಳದ ಗುಂಟ ನಡೆಯಬೇಕು, ನೆರೆಯು ಗೋಡೆಯ ಮೇಲೆ ಬಿಟ್ಟ ಗೆರೆಯನ್ನು ಅಳೆಯಬೇಕು, ಮಡ್ಡಿ ಮುಗಿದು ಎರೆ ತೊಡಗುವ ತಾಣವನ್ನು ಕಾಲಿನಿಂದ ಅರಿಯಬೇಕು, ಹಿರಿಯರನ್ನು ಕೇಳಬೇಕು. ಬಳಿಕ ಪಟವನ್ನು ತಿದ್ದಲಿ. ಹಾಗೆ ತಿದ್ದಿದ ಹದಿನಾರು ಎಕರೆಯು ಹೊಸ ಲೋಕದಲ್ಲಿ ಒಂದು ವರ್ಣನಕಾವ್ಯವಾಗುವುದು, ಹಳೆಯ ಲೋಕಕ್ಕೆ ಒಂದು ದಾಖಲೆಯೂ ಆಗುವುದು. ಆ ಆರು ಉಪಕರಣಗಳಲ್ಲಿ ಕೊನೆಯದು ಮೊದಲಿದ್ದಂತೆ ಮಾಡುವುದು. ಕೃಷ್ಣಾತೀರದವರಿಗೆ ಅದು ದೊರೆತಿಲ್ಲವಾದುದರಿಂದಲೇ, ಮಿಕ್ಕ ಐದನ್ನು ಇಲ್ಲಿಯವರು ಹೆಚ್ಚಿನ ಎಚ್ಚರದಿಂದ ಹಿಡಿಯಬೇಕಾಗಿದೆ.