ಸೋರುವ ಕೊಡ: ಮರುಭೂಮಿಯ ಪಿತೃಗಳ ಸೂಕ್ತಿಗಳನ್ನು ಕುರಿತು

ಪರರ ದೋಷವನ್ನು ಎಣಿಸುವುದು ಲೋಕದಲ್ಲಿ ಅತ್ಯಂತ ಸುಲಭವಾದ ಕೆಲಸ. ಅದಕ್ಕೆ ವಿದ್ಯೆ ಬೇಡ, ಧನ ಬೇಡ, ತಪಸ್ಸಂತೂ ಬೇಡವೇ ಬೇಡ. ಆದರೆ ತಪಸ್ಸು ಮಾಡಿದವನನ್ನೂ ಈ ಚಪಲವು ಬಿಡುವುದಿಲ್ಲ. ತಪಸ್ಸಿನೊಡನೆಯೇ ಅದು ಬೆಳೆಯುವುದೂ ಉಂಟು. ಉಪವಾಸವಿರುವವನಿಗೆ ಉಣ್ಣುವವನು ಹೊಟ್ಟೆಬಾಕನಾಗಿ ಕಾಣುತ್ತಾನೆ. ಮೌನವ್ರತಿಗೆ ಮಾತನಾಡುವವನು ವಾಚಾಳಿಯಾಗಿ ತೋರುತ್ತಾನೆ. ತನ್ನನ್ನು ಅಳೆದುಕೊಳ್ಳಲೆಂದು ಹಿಡಿದ ಕೋಲು ಎಂದು ನೆರೆಯವನ ಕಡೆಗೆ ತಿರುಗಿತೆಂಬುದು ಸಾಧಕನಿಗೇ ತಿಳಿಯುವುದಿಲ್ಲ. ಈ ಅಪಾಯವನ್ನು ಕಂಡುಕೊಂಡು, ಅದಕ್ಕೆ ಮದ್ದನ್ನು ಅರಸಿದವರಲ್ಲಿ ಈಜಿಪ್ಟಿನ ಮರುಭೂಮಿಯ ಕ್ರೈಸ್ತ ವಿರಕ್ತರು ಪ್ರಮುಖರು. ಅವರ ಸೂಕ್ತಿಸಂಗ್ರಹವನ್ನು ವಾಚಕರ ಮುಂದಿಟ್ಟು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕ್ರಿ. ಶ. 4ನೆಯ ಶತಮಾನದಲ್ಲಿ ನೈಲ್ ನದಿಯ ಮುಖಜಭೂಮಿಯ ಪಶ್ಚಿಮಕ್ಕಿರುವ ಸ್ಕೇಟಿಸ್ ಎಂಬ ಬರಡು ನೆಲದಲ್ಲಿ ಅನೇಕರು ಗುಡಿಸಲು ಕಟ್ಟಿಕೊಂಡು, ಬುಟ್ಟಿ ಹೆಣೆದು ಜೀವಿಸುತ್ತ ಪ್ರಾರ್ಥನಾಪರರಾಗಿದ್ದರು. ಆ ಪ್ರದೇಶಕ್ಕೆ ಈಗ ವಾದಿ ನತ್ರೂನ್ ಎಂದು ಹೆಸರು. ಅಲ್ಲಿ ಇಂದಿಗೂ ಕ್ರೈಸ್ತ ಮಠಗಳಿವೆ. ಆ ಹಿರಿಯರು ಗ್ರಂಥ ಬರೆದವರಲ್ಲ. ಶಿಷ್ಯರು ಬಾಯಿಂದ ಬಾಯಿಗೆ ಸಾಗಿಸಿದ ಮಾತುಗಳು ಮುಂದೆ ಗ್ರೀಕ್ ಭಾಷೆಯಲ್ಲಿ ಸಂಗ್ರಹಗೊಂಡು, 6ನೆಯ ಶತಮಾನದಲ್ಲಿ ಲ್ಯಾಟಿನ್ನಿಗೂ ಬಂದವು. ಅಕಾರಾದಿಯಾಗಿ ಜೋಡಿಸಿದ ಸಂಗ್ರಹವು ಬೆನೆಡಿಕ್ಟಾ ವಾರ್ಡ್ ಅವರ ಇಂಗ್ಲಿಷ್ ಅನುವಾದದಲ್ಲಿ 1975ರಲ್ಲಿ ಪ್ರಕಟವಾಯಿತು. ವಿಷಯಾನುಸಾರವಾಗಿ ಜೋಡಿಸಿದ ಇನ್ನೊಂದು ಸಂಗ್ರಹದ 9ನೆಯ ಅಧ್ಯಾಯವು ಯಾರನ್ನೂ ತೀರ್ಪಿಗೆ ಗುರಿಮಾಡಬಾರದೆಂಬುದಕ್ಕೇ ಮೀಸಲು. ಅದರಾಚೆ 15ನೆಯದು ವಿನಯವನ್ನೂ 17ನೆಯದು ಪ್ರೀತಿಯನ್ನೂ ಕುರಿತವು.

ಈ ಅಧ್ಯಾಯದ ಪ್ರಸಿದ್ಧ ಪ್ರಸಂಗವು ಅಬ್ಬಾ ಮೋಶೆಯದು. ಈತನು ಇಥಿಯೋಪಿಯ ಮೂಲದವನು, ಪೂರ್ವಾಶ್ರಮದಲ್ಲಿ ದರೋಡೆಕೋರ. ಸ್ಕೇಟಿಸಿನ ಸೋದರನೊಬ್ಬನು ತಪ್ಪು ಮಾಡಿದಾಗ ಹಿರಿಯರು ಸಭೆ ಸೇರಿ ಮೋಶೆಯನ್ನು ಕರೆಕಳುಹಿಸಿದರು. ಆತನು ಬರಲೊಲ್ಲನು. ಮತ್ತೆ ಕರೆ ಬಂದಾಗ ಸೋರುವ ಕೊಡವೊಂದಕ್ಕೆ ನೀರು ತುಂಬಿಕೊಂಡು ಹೊರಟನು. ಇದೇನೆಂದು ಕೇಳಿದವರಿಗೆ ಆತನಿತ್ತ ಉತ್ತರದ ಭಾವವಿಷ್ಟೆ: ತನ್ನ ಪಾಪಗಳು ಬೆನ್ನ ಹಿಂದೆ ಸುರಿಯುತ್ತಿವೆ, ಅವನ್ನು ತಾನು ಕಾಣೆ, ಹಾಗಿದ್ದೂ ಇನ್ನೊಬ್ಬನ ತಪ್ಪನ್ನು ವಿಚಾರಿಸಲು ಬಂದಿದ್ದೇನೆ. ಸಭೆಯು ಆ ಸೋದರನಿಗೆ ಏನನ್ನೂ ಹೇಳದೆ ಕ್ಷಮಿಸಿತು. ಲ್ಯಾಟಿನ್ ಪಾಠದಲ್ಲಿ ನೀರಿನ ಕೊಡಕ್ಕೆ ಬದಲಾಗಿ ಮರಳು ತುಂಬಿದ ಹಳೆಯ ಬುಟ್ಟಿಯಿದೆ. ಬುಟ್ಟಿ ಹೆಣೆಯುವವರ ನೆಲದಲ್ಲಿ, ಮರಳಿನ ನಡುವೆ, ಎರಡು ಪಾಠಗಳೂ ಸಹಜವೇ.

ಈ ಪ್ರಸಂಗದ ರಚನೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೋದರನು ಮಾಡಿದ ತಪ್ಪು ಯಾವುದೆಂದು ಕಥೆಯು ಎಲ್ಲಿಯೂ ಹೇಳುವುದಿಲ್ಲ. ಓದುಗನಿಗೆ ಕುತೂಹಲವುಂಟಾಗುತ್ತದೆ. ಕದ್ದನೆ, ವ್ರತಭಂಗ ಮಾಡಿದನೆ ಎಂದು ನಾವು ಕೇಳತೊಡಗಿದೊಡನೆ ಆ ಸಭೆಯಲ್ಲಿ ನಮಗೂ ಒಂದು ಆಸನ ದೊರೆತಂತಾಯಿತು. ಕಥೆಯು ಹೇಳದೆ ಬಿಟ್ಟ ಮಾತೇ ನಮ್ಮನ್ನು ಪರೀಕ್ಷಿಸುತ್ತದೆ. ಅಬ್ಬಾ ಪಿಯೋರನ ಪ್ರಸಂಗವೂ ಇದೇ ಜಾತಿಯದು. ಆತನು ಮರಳು ತುಂಬಿದ ದೊಡ್ಡ ಚೀಲವನ್ನು ಬೆನ್ನಿಗೂ ಸ್ವಲ್ಪ ಮರಳಿರುವ ಸಣ್ಣ ಬುಟ್ಟಿಯನ್ನು ಎದೆಯ ಮುಂದಕ್ಕೂ ಹೊತ್ತು ನಡೆದನಂತೆ. ಹಿಂದಿನದು ತನ್ನ ದೋಷ, ಮುಂದಿನದು ಸೋದರನ ದೋಷ. ಉಪದೇಶಕ್ಕಿಂತ ಹೊರೆ ಹೊತ್ತ ದೇಹವೇ ಇಲ್ಲಿ ಹೆಚ್ಚು ಮಾತನಾಡುತ್ತದೆ.

ಇದೇ ಪರಂಪರೆಗೆ ತರ್ಕದ ರೂಪವನ್ನು ಕೊಟ್ಟವನು 6ನೆಯ ಶತಮಾನದ ಗಾಜಾ ಪ್ರಾಂತದ ದೊರೊಥೇಯುಸ್. ಅವನ 6ನೆಯ ಉಪನ್ಯಾಸವು ಈ ವಿಷಯವನ್ನೇ ಕುರಿತದ್ದು. ಒಬ್ಬನು ಸುಳ್ಳಾಡಿದನೆನ್ನುವುದು ಬೇರೆ, ಅವನು ಸುಳ್ಳುಗಾರನೆನ್ನುವುದು ಬೇರೆ ಎಂದು ಅವನು ವಿಂಗಡಿಸುತ್ತಾನೆ. ಮೊದಲನೆಯದು ಒಂದು ಕೃತ್ಯವನ್ನು ಕುರಿತ ನಿಂದೆ. ಎರಡನೆಯದು ಇಡಿಯ ಬಾಳಿನ ಮೇಲೆ ಹೊರಿಸಿದ ತೀರ್ಪು. ಕ್ರಿಯಾಪದವು ನಾಮಪದವಾಗುವ ಆ ಕ್ಷಣದಲ್ಲಿಯೇ ಮನುಷ್ಯನು ತಿದ್ದಿಕೊಳ್ಳಬಹುದಾದ ದಾರಿಯನ್ನು ನಾವು ಮುಚ್ಚಿಬಿಡುತ್ತೇವೆ. ದಿನನಿತ್ಯದ ಮಾತಿನಲ್ಲಿ ನಾವೆಲ್ಲ ದಾಟುವ ಗೆರೆಯನ್ನು ಇಷ್ಟು ನಿಖರವಾಗಿ ತೋರಿಸಿದವರು ವಿರಳ.

ಇಲ್ಲಿಯವರೆಗೆ ಪ್ರಶಂಸೆ ಸಲ್ಲುತ್ತದೆ. ಆದರೆ ವಿಮರ್ಶೆಯು ಇಲ್ಲಿಗೇ ನಿಲ್ಲಲಾಗದು. ತೀರ್ಪು ನೀಡಬಾರದೆಂಬ ಬೋಧೆಯು ಬಲಿಷ್ಠನ ತಪ್ಪಿಗೆ ಹೊದಿಕೆಯಾಗುವುದಿಲ್ಲವೆ? ಇದು ಸುಮ್ಮನೆ ಎತ್ತಿದ ಆಕ್ಷೇಪವಲ್ಲ. ಈ ಗ್ರಂಥಗಳೊಳಗೇ ಅದಕ್ಕೆ ಆಧಾರವಿದೆ.

ಧರ್ಮಾಧ್ಯಕ್ಷನಾದ ಅಮ್ಮೋನಾಸನ ಪ್ರಸಂಗವನ್ನು ನೋಡಿ. ದುಷ್ಕೀರ್ತಿಗೊಳಗಾದ ವಿರಕ್ತನೊಬ್ಬನ ಗುಡಿಸಲಿನಲ್ಲಿ ಹೆಂಗಸಿರುವಳೆಂದು ಜನರು ನುಗ್ಗಿ ಬಂದರು. ಅವನು ಅವಳನ್ನು ದೊಡ್ಡದೊಂದು ಪೀಪಾಯಿಯೊಳಗೆ ಅಡಗಿಸಿದನು. ಅಮ್ಮೋನಾಸನು ಅದನ್ನು ತಿಳಿದೂ ಪೀಪಾಯಿಯ ಮೇಲೆಯೇ ಕುಳಿತು, ಗುಡಿಸಲನ್ನು ಶೋಧಿಸಿರೆಂದನು. ಏನೂ ದೊರೆಯದೆ ಜನರು ಹೊರಟ ಮೇಲೆ ಆ ವಿರಕ್ತನ ಕೈ ಹಿಡಿದು, ಎಚ್ಚರದಿಂದಿರುವಂತೆ ಒಂದೇ ಮಾತು ಹೇಳಿ ನಡೆದನು. ಅವಮಾನಕ್ಕೆ ಬಾಯ್ದೆರೆದಿದ್ದ ಗುಂಪಿನಿಂದ ಒಬ್ಬನನ್ನು ಕಾಪಾಡಿ, ಅವನಿಗೆ ಏಕಾಂತದಲ್ಲಿ ಬುದ್ಧಿ ಹೇಳಿದ ರೀತಿಯು ಮನೋಜ್ಞವಾದುದು. ಆದರೆ ಪೀಪಾಯಿಯೊಳಗಿದ್ದವಳ ಗತಿಯೇನು? ಅವಳಿಗೆ ಹೆಸರಿಲ್ಲ, ಮಾತಿಲ್ಲ. ಅವಳು ತಾನಾಗಿ ಬಂದಳೊ, ಬರಬೇಕಾಯಿತೊ ಎಂದು ಯಾರೂ ಕೇಳಲಿಲ್ಲ. ಕರುಣೆಯು ಅವನ ಕೈ ಹಿಡಿಯಿತು. ಅವಳ ಮೇಲೆ ಮುಚ್ಚಳವಾಗಿ ಕುಳಿತಿತು.

ದೊರೊಥೇಯುಸನ ಉಪನ್ಯಾಸದಲ್ಲಿಯೂ ಇಂಥದೊಂದು ಮೌನವಿದೆ. ಹಡಗಿನಲ್ಲಿ ಮಾರಾಟಕ್ಕೆ ಬಂದ ಇಬ್ಬರು ಪುಟ್ಟ ಬಾಲಕಿಯರಲ್ಲಿ ಒಬ್ಬಳನ್ನು ಸಾಧ್ವಿಯೊಬ್ಬಳು ಕೊಂಡು ಭಕ್ತಿಮಾರ್ಗದಲ್ಲಿ ಬೆಳೆಸಿದಳು. ಇನ್ನೊಬ್ಬಳು ಆಟದ ಮೇಳದವರ ಪಾಲಾಗಿ ದುರ್ಮಾರ್ಗಕ್ಕೆ ಬಿದ್ದಳು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನುಷ್ಯನಿಗೆ ಸಾಧ್ಯವೆ ಎಂದು ಅವನು ಕೇಳುತ್ತಾನೆ. ಪ್ರಶ್ನೆಯು ಹೃದಯವನ್ನು ಮುಟ್ಟುತ್ತದೆ. ಆದರೆ ಎಳೆಯ ಮಕ್ಕಳನ್ನು ಮಾರುವ ಆ ಸಂತೆಯನ್ನು ಕುರಿತು ಅವನು ಆಕ್ಷೇಪವೆತ್ತುವುದಿಲ್ಲ. ವ್ಯಕ್ತಿಯನ್ನು ತೂಗಬಾರದೆಂದು ಕಲಿಸಿದವನು ತಕ್ಕಡಿಯನ್ನು ಸಂತೆಯ ಕಡೆಗಾದರೂ ತಿರುಗಿಸಬಹುದಿತ್ತು. ಕಾಲಧರ್ಮವೆಂದು ಇದನ್ನು ಅರ್ಥಮಾಡಿಕೊಳ್ಳಬಹುದು, ಆದರ್ಶವೆಂದು ಸ್ವೀಕರಿಸಲಾಗದು.

ಮೋಶೆಯ ವಿಷಯದಲ್ಲಿಯೂ ಹೀಗೆಯೇ. ಇನ್ನೊಂದು ಸಭೆಯಲ್ಲಿ ಹಿರಿಯರು ಅವನನ್ನು ಪರೀಕ್ಷಿಸಲೆಂದು ಅವನ ಮೈಬಣ್ಣವನ್ನು ಹಿಡಿದು ಹಳಿದರು, ಅವನು ಮೌನವಾಗಿದ್ದನು. ಆಮೇಲೆ ಕೇಳಿದಾಗ ತನಗೆ ನೋವಾಯಿತೆಂಬುದನ್ನು ಮುಚ್ಚಿಡಲಿಲ್ಲ. ಸಂಗ್ರಹಕಾರನು ಇದನ್ನು ಮೋಶೆಯ ತಾಳ್ಮೆಗೆ ನಿದರ್ಶನವಾಗಿ ದಾಖಲಿಸಿದ್ದಾನೆ. ತಾಳ್ಮೆಯು ಪರೀಕ್ಷೆಗೊಳಗಾದವನದು ನಿಜ. ಪರೀಕ್ಷಿಸಿದವರ ವಿನಯವನ್ನು ಪರೀಕ್ಷಿಸಿದವರಾರು? ತುಳಿಯಲ್ಪಟ್ಟವನಿಗೆ ತಾಳ್ಮೆಯನ್ನು ಬೋಧಿಸುವುದು ಎಲ್ಲ ಧರ್ಮಗಳಿಗೂ ಎಲ್ಲ ಕಾಲಗಳಲ್ಲಿಯೂ ಸುಲಭವಾಗಿ ಒದಗಿದ ಪಾಠ. ಅದನ್ನು ತುಳಿಯುವವನಿಗೆ ಮೊದಲು ಹೇಳಬೇಕು.

ಹಾಗಾದರೆ ಈ ಸೂಕ್ತಿಗಳನ್ನು ತಳ್ಳಿಹಾಕಬೇಕೆ? ಬೇಡ. ಪರಿಹಾರವೂ ಆ ಪರಂಪರೆಯಲ್ಲಿಯೇ ಇದೆ. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಬರುವ ಕಣ್ಣಿನ ತೊಲೆಯ ದೃಷ್ಟಾಂತವನ್ನು ಅನೇಕರು ಅರ್ಧಕ್ಕೇ ನಿಲ್ಲಿಸುತ್ತಾರೆ. ತನ್ನ ಕಣ್ಣಿನ ತೊಲೆಯನ್ನು ತೆಗೆದುಕೊಂಡ ಮೇಲೆ ಸೋದರನ ಕಣ್ಣಿನ ರವೆಯನ್ನು ತೆಗೆಯಲು ದೃಷ್ಟಿ ಸ್ಪಷ್ಟವಾಗುವುದೆಂಬುದು ಅದರ ಉತ್ತರಾರ್ಧ. ರವೆಯು ಅಲ್ಲಿಯೇ ಉಳಿಯಲೆಂದು ಯೇಸು ಹೇಳಲಿಲ್ಲ. ಇನ್ನು ಸೂಕ್ತಿಸಂಗ್ರಹದ ಜೋಡಣೆಯನ್ನು ನೋಡಿ: ತೋರಿಕೆಗಾಗಿ ಏನನ್ನೂ ಮಾಡಬಾರದೆಂಬ 8ನೆಯ ಅಧ್ಯಾಯದ ತರುವಾಯ ತೀರ್ಪು ನೀಡದಿರುವ ವಿಷಯ, ಅದಾದೊಡನೆ 10ನೆಯದು ವಿವೇಕವನ್ನು ಕುರಿತದ್ದು. ಈ ಕ್ರಮದಲ್ಲಿ ಅರ್ಥವಿದೆ. ತೋರಿಕೆಯನ್ನು ಬಿಡದವನು ನೀಡುವ ತೀರ್ಪು ಮಾತ್ರವಲ್ಲ, ಅವನು ತೋರುವ ಕ್ಷಮೆಯೂ ಪ್ರದರ್ಶನವೇ. ವಿವೇಕವನ್ನು ತಲುಪದವನ ಮೌನವು ಕರುಣೆಯಲ್ಲ, ಬರಿಯ ಹಿಂಜರಿಕೆ.

ಆದುದರಿಂದ ಪ್ರಿಯ ವಾಚಕರೇ, ಈ ಸೂಕ್ತಿಗಳನ್ನು ಓದುವಾಗ ಒಂದು ನಿಯಮವನ್ನಿಟ್ಟುಕೊಳ್ಳುವುದು ಒಳಿತು. ತಪ್ಪು ಮಾಡಿದವನ ಮೇಲೆ ಸಿಟ್ಟು ಬಂದಾಗ ಮೋಶೆಯ ಕೊಡವನ್ನು ನೆನೆಯಿರಿ. ತಪ್ಪಿನಿಂದ ನೊಂದವರು ಎದುರಿಗೆ ನಿಂತಾಗ ಪೀಪಾಯಿಯೊಳಗಿನ ಹೆಂಗಸನ್ನು ನೆನೆಯಿರಿ. ಮೊದಲನೆಯ ನೆನಪು ನಾಲಗೆಯನ್ನು ತಡೆಯಲಿ. ಎರಡನೆಯದು ಕಿವಿಯನ್ನು ತೆರೆಸಲಿ. ಕೃತ್ಯವನ್ನು ಕೃತ್ಯವೆಂದು ಹೆಸರಿಸಿ, ನೊಂದವರ ಮಾತನ್ನು ಮೊದಲು ಕೇಳಿ, ಮನುಷ್ಯನನ್ನು ಮಾತ್ರ ಅವನ ಕೃತ್ಯದಲ್ಲಿ ಹೂಳದೆ ಬಿಡುವುದು ಕಷ್ಟಸಾಧ್ಯವಾದರೂ ಅಸಾಧ್ಯವಲ್ಲ. ಮರುಭೂಮಿಯ ಆ ಹಿರಿಯರು ಈ ದಾರಿಯಲ್ಲಿ ಬಹುದೂರ ನಡೆದರು. ಉಳಿದ ದಾರಿಯನ್ನು ನಡೆಯುವ ಹೊಣೆ ನಮ್ಮದು.